ಮನೆಯಂಗಳಕ್ಕೆ ಎಂಥ ಹೂಗಿಡ, ಎಂಥ ಹೂಮರ?

(ಉಡುಪಿ ಸೀಮೆಯ ಕೃಷಿಕರಿಗಾಗಿ ಸಿದ್ಧಪಡಿಸಿದ ಭಾಷಣದ ಬರಹರೂಪ)



ಹೊಸ ಮನೆ ಕಟ್ಟಿ ಒಕ್ಕಲಾದ ಮೇಲೆ ಅಂಗಳದ ಸುತ್ತ ನಾಲ್ಕು ಹೂಗಿಡ ಇರಲಿ, ನೆರಳಿಗೊಂದು ಹೂಮರ ಇರಲಿ ಎಂದು ಬಯಸದವರಿಲ್ಲ. ಉಡುಪಿ ಜಿಲ್ಲೆಯಲ್ಲಂತೂ ಬೆಳಗಾದರೆ ದೇವರ ಕೋಣೆಗೆ ಹೂ ಬೇಕು, ತುಳಸಿಕಟ್ಟೆಗೆ ಹೂ ಬೇಕು, ಹೆಣ್ಣುಮಕ್ಕಳ ಮುಡಿಗೆ ಹೂ ಬೇಕು. ಹೂತೋಟವೆಂಬುದು ಇಲ್ಲಿ ಸಿರಿವಂತರ ಶೋಕಿಯಲ್ಲ. ಹಟ್ಟಿ, ಬಾವಿಗಳಂತೆ ಅದೂ ಮನೆವಾರ್ತೆಯ ಒಂದು ಭಾಗ.

ಆದರೆ ಗಿಡ ಆರಿಸುವಲ್ಲಿ ಬಹಳ ಮಂದಿ ಎಡವುತ್ತಾರೆ. ಮೇ ತಿಂಗಳ ಕೊನೆಗೆ ನರ್ಸರಿಗೆ ಹೋಗಿ, ಅಂದು ಯಾವುದು ಮೈತುಂಬ ಹೂಬಿಟ್ಟು ನಿಂತಿದೆಯೋ ಅದನ್ನೇ ತಂದು ನೆಡುತ್ತಾರೆ. ಅವುಗಳಲ್ಲಿ ಕೆಲವು ಜುಲೈ ಮಳೆಗೆ ಬೇರು ಕೊಳೆತು ಸಾಯುತ್ತವೆ. ಮಳೆ ದಾಟಿದ ಕೆಲವು ಏಪ್ರಿಲ್ ಬಿಸಿಲಿಗೆ ಒಣಗುತ್ತವೆ. ಇವೆರಡನ್ನೂ ಗೆದ್ದು ಮರವಾದ ಒಂದೆರಡು, ಹದಿನೈದು ವರ್ಷದ ಬಳಿಕ ಒಂದು ಗಾಳಿಮಳೆಯ ರಾತ್ರಿ ಮನೆಯ ಹಂಚಿನ ಮೇಲೆಯೇ ಉರುಳುತ್ತವೆ. ದುಡ್ಡು ಹೋಯಿತು, ವರ್ಷಗಳೂ ಹೋದವು. ತಪ್ಪು ಗಿಡದ್ದಲ್ಲ, ಆ ಗಿಡ ಆ ನೆಲದ್ದಾಗಿರಲಿಲ್ಲ, ಅಷ್ಟೆ.

ಆದ್ದರಿಂದ ಹೂವಿನ ಬಣ್ಣವನ್ನು ನೋಡುವ ಮೊದಲು ನೆಲ, ನೀರು, ಗಾಳಿ, ಮನೆಯ ಜಾನುವಾರು, ಮಕ್ಕಳು ಇವಿಷ್ಟನ್ನು ನೋಡಿಕೊಳ್ಳಬೇಕು. ಹೂವಿನ ಬಣ್ಣ ಕೊನೆಯ ಮಾತು.

ನಾಲ್ಕು ತಿಂಗಳ ಮಳೆ, ಆರು ತಿಂಗಳ ಬಾಯಾರಿಕೆ

ಈ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೇಳಿಕೊಳ್ಳುವ ಮಳೆ ಇಲ್ಲ. ಏಪ್ರಿಲ್ ಬಂತೆಂದರೆ ಎತ್ತರದ ಜಾಗದ ಬಾವಿಗಳ ತಳ ಕಾಣತೊಡಗುತ್ತದೆ. 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿಯೇ ನೀರು ಬತ್ತಿ, ಕುಡಿಯುವ ನೀರಿಗೆ ಜನ ಪರದಾಡಿದ್ದನ್ನು ಯಾರೂ ಮರೆತಿಲ್ಲ. ಕುಡಿಯುವ ನೀರಿಗೇ ತತ್ವಾರವಾದಾಗ ಹೂಗಿಡಕ್ಕೆ ದಿನಕ್ಕೆ ಹತ್ತು ಕೊಡ ನೀರು ಎಲ್ಲಿಂದ ಬರಬೇಕು?

ಹೀಗೆ ಇಲ್ಲಿಯ ಗಿಡ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಬುಡದಲ್ಲಿ ವಾರಗಟ್ಟಲೆ ತೇವ ನಿಂತರೂ ಕೊಳೆಯಬಾರದು. ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಬಾಡಬಾರದು. ಬೆಂಗಳೂರಿನ ಉದ್ಯಾನದಲ್ಲಿ ಸೊಗಸಾಗಿ ಬರುವ ಗುಲಾಬಿ, ಜರ್ಬೆರಾ, ಡೇಲಿಯಾಗಳು ಇಲ್ಲಿ ಬಯಲಿನಲ್ಲಿ ನರಳುವುದು ಇದರಿಂದಲೇ. ಅವನ್ನು ಬೆಳೆಸಲೇಬೇಕೆಂದಿದ್ದರೆ ಕುಂಡದಲ್ಲಿಟ್ಟು, ಮಳೆಗಾಲದಲ್ಲಿ ಮಾಡಿನ ಅಡಿಗೆ ಸರಿಸಬೇಕು.

ನೆಲದ ಗುರುತು

ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ. ಕಾಪುವಿನ ಕಡಲಂಚಿನಲ್ಲಿ ಮರಳು. ಮಳೆಗಾಲದಲ್ಲಿ ಸುರಿದ ನೀರು ಬೇಗ ಇಂಗಿಹೋಗುತ್ತದೆ, ಗೊಬ್ಬರದ ಸಾರವೂ ಅದರೊಂದಿಗೆ ಇಳಿದುಹೋಗುತ್ತದೆ. ಮೇಲಾಗಿ ಉಪ್ಪು ಹೊತ್ತ ಕಡಲಗಾಳಿ ಎಳೆಯ ಚಿಗುರನ್ನು ಸುಡುತ್ತದೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಆಸುಪಾಸಿನಲ್ಲಿ ಎಲೆ ದಪ್ಪಗಿರುವ, ಹೊಳಪಿರುವ ಗಿಡಮರಗಳೇ ಚೆನ್ನಾಗಿ ನಿಲ್ಲುವುದಕ್ಕೆ ಇದೇ ಕಾರಣ.

ಉಡುಪಿ ಪೇಟೆಯ ಸುತ್ತಮುತ್ತ ಬೈಲುಗದ್ದೆಗಳನ್ನು ಕೆಂಪುಮಣ್ಣಿನಿಂದ ತುಂಬಿಸಿ ಮನೆ ಕಟ್ಟುವುದು ಹೆಚ್ಚುತ್ತಿದೆ. ಇಲ್ಲಿ ಮೇಲೆ ಎರಡು ಮೂರು ಅಡಿ ತುಂಬಿದ ಮಣ್ಣು, ಕೆಳಗೆ ಹಳೆಯ ಗದ್ದೆಯ ಜಿಗುಟು. ಮಳೆಗಾಲದಲ್ಲಿ ಬೇರು ನೀರಿನಲ್ಲೇ ಇರುತ್ತದೆ. ತಾಯಿಬೇರು ಕೆಳಗಿಳಿಯಲಾರದೆ ಮೇಲುಮೇಲೆ ಹರಡಿದ ಮರ ಗಾಳಿಗೆ ಬೇಗ ಬೀಳುತ್ತದೆ.

ಮಣಿಪಾಲ ಮುರಕಲ್ಲಿನ ಗುಡ್ಡ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಅದು ಬಹುಮಟ್ಟಿಗೆ ಬೋಳುಗುಡ್ಡ. ಇಂದು ಅಲ್ಲಿ ಕಾಣುವ ಹಸಿರು ಕೈಯಾರೆ ಗುಂಡಿ ತೋಡಿ, ಮಣ್ಣು ತುಂಬಿ ಬೆಳೆಸಿದ್ದು. ಮುರಕಲ್ಲಿನಲ್ಲಿ ಗಿಡ ಬರುವುದಿಲ್ಲವೆಂಬುದು ಸುಳ್ಳು. ಗುಂಡಿ ಸರಿಯಿರಬೇಕು, ಗಿಡ ಸರಿಯಿರಬೇಕು.

ಕಾರ್ಕಳ ಘಟ್ಟದ ಬುಡ. ಗೊಮ್ಮಟಬೆಟ್ಟದಂಥ ಕರಿಬಂಡೆಗಳನ್ನು ಬಿಟ್ಟರೆ ಬಹಳ ಕಡೆ ಕೆಂಪುಗೋಡು ಮಣ್ಣು, ಅಡಿಕೆ ತೋಟದ ನೆರಳು, ತೋಡಿನ ತಂಪು. ನಾಲ್ಕೂ ಜಾಗಗಳಲ್ಲಿ ಗಿಡಗಳಿಗೆ ಹೆಚ್ಚು ಅನುಕೂಲವಿರುವುದು ಇಲ್ಲಿಯೇ. ಕಾರ್ಕಳದಲ್ಲಿ ಬಂದ ಗಿಡ ಕಾಪುವಿನಲ್ಲೂ ಬರುತ್ತದೆಂದು ನೆಂಟರ ಮನೆಯಿಂದ ತಂದು ನೆಟ್ಟು ನಿರಾಶರಾಗುವವರು ಕಡಿಮೆಯಿಲ್ಲ.

ಬನವೇ ಪಾಠಶಾಲೆ

ಹಾಗಾದರೆ ಯಾವ ನೆಲಕ್ಕೆ ಯಾವ ಮರವೆಂದು ತಿಳಿಯುವುದು ಹೇಗೆ? ಅದಕ್ಕೆ ದೂರ ಹೋಗಬೇಕಾಗಿಲ್ಲ. ಊರಿನ ನಾಗಬನವನ್ನು ನೋಡಿದರೆ ಸಾಕು. ಅಲ್ಲಿಯ ಮರಗಳಿಗೆ ಯಾರೂ ನೀರೆರೆದಿಲ್ಲ, ಗೊಬ್ಬರ ಹಾಕಿಲ್ಲ, ಔಷಧಿ ಸಿಂಪಡಿಸಿಲ್ಲ. ಆದರೂ ತಲೆಮಾರುಗಳಿಂದ ಅವು ನಿಂತಿವೆ. ಆ ನೆಲದ ಮಳೆಯನ್ನೂ ಬರವನ್ನೂ ಗಾಳಿಯನ್ನೂ ತಾಳಿಕೊಂಡವು ಅವು. ರಂಜ, ಸುರಗಿ, ಸುರಹೊನ್ನೆ, ಸಂಪಿಗೆ, ಕೇಪುಳ, ಕೇದಿಗೆ ಇವೆಲ್ಲ ಇಂಥ ಬನಗಳಲ್ಲೂ ಹಳೆಯ ದೇವಸ್ಥಾನಗಳ ವಠಾರದಲ್ಲೂ ಕಾಣಸಿಗುವ ಹೂಮರ, ಹೂಪೊದೆಗಳು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹೂಗಿಡಕ್ಕೂ ಸಲ್ಲುತ್ತದೆ. ಪರದೇಶದ ಹೆಸರಿನ ಗಿಡಕ್ಕೆ ನೂರಾರು ರೂಪಾಯಿ ಕೊಡುವವರು, ಬನದ ಅಂಚಿನಲ್ಲಿ ಬಿದ್ದು ಮೊಳೆತ ರಂಜದ ಸಸಿಯನ್ನು ಮೆಟ್ಟಿಕೊಂಡು ಹೋಗುತ್ತಾರೆ. ಇತ್ತ ಕೆಲವೆಡೆ ಬನದ ಮರಗಳನ್ನೇ ಕಡಿದು, ನೆಲಕ್ಕೆ ಕಾಂಕ್ರೀಟು ಹಾಸಿ ಕಟ್ಟೆ ಕಟ್ಟುವುದೂ ನಡೆದಿದೆ. ಹಾಗಾದಾಗ ಊರಿನ ಹೂಮರಗಳ ಬೀಜದ ಮೂಲವೇ ಹೋದಂತೆ. ಆದ್ದರಿಂದ ಬನದ ಮರಕ್ಕೆ ಕತ್ತಿ ಮುಟ್ಟಿಸದೆ, ಹೊರಗೆ ಬಿದ್ದ ಬೀಜವನ್ನು ಆರಿಸಿ ತಂದು ಸಸಿ ಮಾಡಿ ಪ್ರತಿ ಮನೆಯಲ್ಲಿ ಒಂದನ್ನಾದರೂ ಬೆಳೆಸುವುದು ಒಳ್ಳೆಯದು.

ಮರಗಳ ಆಯ್ಕೆ

ಮರ ಆರಿಸುವಾಗ ಅದು ಬೆಳೆದು ನಿಂತಾಗಿನ ಎತ್ತರವನ್ನು ಮನಸ್ಸಿನಲ್ಲಿಡಬೇಕು. ಐದು ಸೆಂಟ್ಸ್ ಜಾಗದ ಮನೆಗೆ ಒಂದು ಚಿಕ್ಕ ಮರ ಸಾಕು. ಹತ್ತು ಸೆಂಟ್ಸ್ ಇದ್ದರೆ ಒಂದು ಮಧ್ಯಮ ಗಾತ್ರದ ಮರ, ಒಂದೆರಡು ಚಿಕ್ಕವು. ದೊಡ್ಡ ಮರಗಳಿಗೆ ಹಿತ್ತಲು, ಗುಡ್ಡೆ, ತೋಟದ ಅಂಚೇ ಸರಿ.

ಚಿಕ್ಕ ಮರಗಳಲ್ಲಿ ಪಾರಿಜಾತ, ಗೋಸಂಪಿಗೆ, ಮಂದಾರ, ರತ್ನಗಂಧಿ ಮುಖ್ಯವಾದವು. ಪಾರಿಜಾತ ಹತ್ತು ಹದಿನೈದು ಅಡಿಗೆ ನಿಲ್ಲುತ್ತದೆ. ಮಳೆ ಇಳಿಯುವ ಹೊತ್ತಿಗೆ ಹೂ ಸುರಿಸುತ್ತದೆ. ಗೋಸಂಪಿಗೆ ಮುರಕಲ್ಲಿನಲ್ಲೂ ಮರಳಿನಲ್ಲೂ ಬರುತ್ತದೆ, ಬೇಸಗೆಯಲ್ಲಿ ನೀರು ಕೇಳುವುದಿಲ್ಲ. ಅದರ ಕೊಂಬೆಯನ್ನು ಕಡಿದು ಹಾಲು ಆರುವವರೆಗೆ ನಾಲ್ಕು ದಿನ ನೆರಳಲ್ಲಿಟ್ಟು ನೆಟ್ಟರೆ ಬೇರೂರುತ್ತದೆ. ನೀರು ನಿಲ್ಲುವಲ್ಲಿ ಮಾತ್ರ ಅದು ಕೊಳೆಯುತ್ತದೆ. ರತ್ನಗಂಧಿ ಎಂಟು ಹತ್ತು ಅಡಿಯ ಪೊದೆಮರ. ಕೆಂಪು, ಹಳದಿ ಹೂ ವರ್ಷದ ಬಹುಕಾಲ ಇರುತ್ತದೆ.

ಮಧ್ಯಮ ಗಾತ್ರದವುಗಳಲ್ಲಿ ಕಕ್ಕೆ, ರಂಜ, ಹೊಳೆ ದಾಸವಾಳ, ಅಶೋಕಗಳು ಸೂಕ್ತ. ಕಕ್ಕೆ ಬಿಸು ಹಬ್ಬದ ಹೊತ್ತಿಗೆ ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಮಣಿಪಾಲದಂಥ ನೀರು ಬಸಿಯುವ ಮುರಕಲ್ಲಿನ ಇಳಿಜಾರಿಗೆ ಹೇಳಿಸಿದ ಮರ. ಹೊಳೆ ದಾಸವಾಳ ಹೆಸರೇ ಹೇಳುವಂತೆ ಹೊಳೆಬದಿಯದು. ತುಂಬಿಸಿದ ಬೈಲುಗದ್ದೆಯ ತೇವಕ್ಕೆ ಹೊಂದಿಕೊಳ್ಳುತ್ತದೆ. ಏಪ್ರಿಲ್, ಮೇಯಲ್ಲಿ ನೇರಳೆ ಬಣ್ಣದ ಹೂ. ರಂಜ ನಿಧಾನವಾಗಿ ಬೆಳೆಯುತ್ತದೆ, ಆದರೆ ಗಟ್ಟಿ ಮರ, ಕಡಲಗಾಳಿಗೂ ಮಣಿಯುವುದಿಲ್ಲ. ವರ್ಷವಿಡೀ ಹಸಿರು, ಒಣಗಿದರೂ ಪರಿಮಳ ಬಿಡದ ಹೂ. ಕೊಂಬೆ ಸವರಿ ಹದಿನೈದು ಇಪ್ಪತ್ತು ಅಡಿಗೆ ಇರಿಸಿಕೊಳ್ಳಲೂಬಹುದು.

ಅಶೋಕದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನರ್ಸರಿಗಳಲ್ಲಿ ಅಶೋಕವೆಂದು ಮಾರುವ, ಕಂಬದಂತೆ ನೆಟ್ಟಗೆ ಹೋಗುವ ಮರ ಬೇರೆ. ಅದರ ಹಸಿರು ಹೂ ಕಣ್ಣಿಗೂ ಬೀಳುವುದಿಲ್ಲ. ಕಿತ್ತಳೆಗೆಂಪು ಗೊಂಚಲು ಬಿಡುವ ಸೀತಾ ಅಶೋಕವೇ ನಿಜವಾದುದು. ಇದಕ್ಕೆ ಅರೆನೆರಳು, ತಂಪು ಬೇಕು. ಕಾರ್ಕಳದ ಕಡೆ ತೋಡಿನ ಬದಿಗೆ, ಅಡಿಕೆ ತೋಟದ ಅಂಚಿಗೆ ಚೆನ್ನಾಗಿ ಬರುತ್ತದೆ. ಮಣಿಪಾಲದ ಬಿಸಿಲಿನಲ್ಲಿ ಕಷ್ಟ.

ಸಂಪಿಗೆ, ನಾಗಸಂಪಿಗೆ, ಸುರಗಿಗಳು ದೊಡ್ಡ ಮರಗಳು. ಸಂಪಿಗೆ ಅರುವತ್ತು ಅಡಿಗೂ ಮೀರಿ ಬೆಳೆಯುತ್ತದೆ. ಬೀಜದ ಗಿಡ ಹೂಬಿಡಲು ಹಲವು ವರ್ಷ ತೆಗೆದುಕೊಳ್ಳುತ್ತದೆ. ಕಸಿಗಿಡ ಎರಡು ಮೂರು ವರ್ಷಕ್ಕೆ ಹೂಬಿಡುತ್ತದೆ, ಎತ್ತರವೂ ಕಡಿಮೆ. ಅಂಗಳಕ್ಕಾದರೆ ಕಸಿಗಿಡವನ್ನೇ ಕೇಳಿ ತರಬೇಕು. ಸುರಗಿಯ ಬೆಳವಣಿಗೆ ನಿಧಾನ. ನೆಟ್ಟವರಿಗಿಂತ ಅವರ ಮಕ್ಕಳಿಗೆ ಹೆಚ್ಚು ಹೂ ಕೊಡುವ ಮರ ಅದು. ಹಿತ್ತಲಿನ ಗುಡ್ಡೆಯಲ್ಲಿ ಒಂದು ಇರಲಿ.

ಕಾಪುವಿನ ಕಡಲಬದಿಯವರು ಮೊದಲು ಗಾಳಿಗೆ ಅಡ್ಡಲಾಗಿ ಸುರಹೊನ್ನೆ, ಹೂವರಸಿಗಳನ್ನು ಬೆಳೆಸಬೇಕು. ಸುರಹೊನ್ನೆಯ ಬಿಳಿ ಹೂವಿಗೆ ಒಳ್ಳೆಯ ಪರಿಮಳವಿದೆ. ಹೂವರಸಿಯ ಹಳದಿ ಹೂ ಸಂಜೆಗೆ ಕೆಂಪಾಗುತ್ತದೆ. ಇವೆರಡೂ ಉಪ್ಪುಗಾಳಿಯನ್ನು ತಾಳುತ್ತವೆ. ಇವುಗಳ ಮರೆಯಲ್ಲಿ ಉಳಿದ ಹೂಗಿಡಗಳು ಸುಖವಾಗಿರುತ್ತವೆ.

ಮನೆಗೂ ಮರಕ್ಕೂ ನಡುವಿನ ಅಂತರ

2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ಜಿಲ್ಲೆಯಲ್ಲಿ ಮರಗಳೂ ವಿದ್ಯುತ್ ಕಂಬಗಳೂ ಉರುಳಿ, ಮನೆಗಳಿಗೆ ಹಾನಿಯಾಯಿತು. ಚಂಡಮಾರುತವಿಲ್ಲದ ವರ್ಷದಲ್ಲೂ ಜೂನ್, ಜುಲೈ ತಿಂಗಳಲ್ಲಿ ಇಂಥ ಸುದ್ದಿ ತಪ್ಪಿದ್ದಲ್ಲ.

ಮುಂಗಾರಿನ ಗಾಳಿ ಬೀಸುವುದು ನೈರುತ್ಯ ಮತ್ತು ಪಶ್ಚಿಮದಿಂದ. ಮನೆಯ ಆ ದಿಕ್ಕಿನಲ್ಲಿರುವ ಮರ ಬಿದ್ದರೆ ಮನೆಯ ಕಡೆಗೇ ಬೀಳುತ್ತದೆ. ಪಡುವಣ ಬಿಸಿಲಿಗೆ ನೆರಳು ಬೇಕೆಂದು ಎಲ್ಲರೂ ಮರ ನೆಡುವುದೂ ಅದೇ ದಿಕ್ಕಿಗೆ. ಆದ್ದರಿಂದ ಅಲ್ಲಿ ರಂಜದಂಥ ಗಟ್ಟಿಮರವನ್ನೇ ನೆಟ್ಟು, ಎತ್ತರಕ್ಕೆ ಬಿಡದೆ ಸವರುತ್ತಿರಬೇಕು. ದೊಡ್ಡ ಮರಗಳು ಉತ್ತರಕ್ಕೆ, ಪೂರ್ವಕ್ಕೆ ಇರಲಿ. ಆಗಲೂ ಗೋಡೆಯಿಂದ 25–30 ಅಡಿ ದೂರ ಬೇಕು. ಚಿಕ್ಕ ಮರಗಳಿಗೆ 10–12 ಅಡಿ ಸಾಕು. ವಿದ್ಯುತ್ ತಂತಿಯ ಕೆಳಗೆ, ಶೌಚಗುಂಡಿಯ ಪಕ್ಕದಲ್ಲಿ, ಬಾವಿಗೆ ಬಾಗುವಂತೆ ಯಾವ ಮರವನ್ನೂ ನೆಡಬಾರದು. ಗುಡ್ಡ ಕಡಿದು ಮಾಡಿದ ಧರೆಯ ಅಂಚಿನಲ್ಲಿ ಭಾರದ ಮರ ಇದ್ದರೆ ಮಳೆಗಾಲದಲ್ಲಿ ಮರದೊಂದಿಗೆ ಧರೆಯೂ ಜರಿಯುವ ಅಪಾಯವಿದೆ. ಅಂಥಲ್ಲಿ ಕೇಪುಳದಂಥ ಪೊದೆಗಳು, ಬೇರು ಬಿಗಿಯುವ ಹುಲ್ಲು ಸೂಕ್ತ.

ಗುಲ್‌ಮೊಹರ್, ಮಳೆಮರ, ಆಕಾಶಮಲ್ಲಿಗೆ, ನೀರುಕಾಯಿ ಮರವೆನ್ನುವ ಆಫ್ರಿಕದ ಕೆಂಪು ಹೂಮರ ಇವು ಮನೆಯ ಬಳಿಗೆ ಬೇಡ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಡದಂತೆ ಅರಳುವುದೇನೋ ನಿಜ. ಆದರೆ ಅದರ ಬೇರು ಮೇಲುಮೇಲೆ ಹರಡುತ್ತದೆ, ಕೊಂಬೆ ಬೇಗ ಸಿಗಿಯುತ್ತದೆ. ವಿಶಾಲವಾದ ಮೈದಾನದ ಅಂಚಿನಲ್ಲಿ ಅದು ಚಂದ. ಹಂಚಿನ ಮನೆಯ ಮಗ್ಗುಲಲ್ಲಿ ಅಲ್ಲ.

ಮುಂದೆ ತೊಂದರೆಯಾದರೆ ಕಡಿದರಾಯಿತು ಎಂದು ಹೇಳುವವರಿದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದವನ್ನು ಸ್ವಂತ ಜಾಗದಲ್ಲಿ ಕಡಿಯಲಿಕ್ಕೂ ಅನುಮತಿ ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನೆಡುವ ದಿನವೇ ಯೋಚಿಸುವುದು ಮೇಲು.

ಪೊದೆ ಮತ್ತು ಬಳ್ಳಿಗಳು

ನಿತ್ಯದ ಪೂಜೆಗೆ ಹೂ ಕೊಡುವುದು ಪೊದೆಗಿಡಗಳೇ. ಇವುಗಳಲ್ಲಿ ಮೊದಲ ಸ್ಥಾನ ಕೇಪುಳಕ್ಕೆ ಸಲ್ಲಬೇಕು. ಹುಳಿ ಸ್ವಭಾವದ ಮುರಕಲ್ಲು ಮಣ್ಣು ಅದಕ್ಕೆ ತವರು. ಬೇರೂರಿದ ಮೇಲೆ ನೀರಿನ ಹಂಗಿಲ್ಲ. ಬೇಲಿಯಾಗಿಯೂ ಬೆಳೆಸಬಹುದು. ದಾಸವಾಳವೂ ಎಲ್ಲ ಕಡೆ ಬರುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಎರಡು ಗಿಡ ನೆಟ್ಟರೆ ಬೇರೆ ಆರೈಕೆ ಬೇಡ. ನಂದಿಬಟ್ಟಲು ಅರೆನೆರಳಿನಲ್ಲೂ ಹೂಬಿಡುತ್ತದೆ. ಮಳೆಗಾಲದಲ್ಲಿ ಬೇರೆ ಹೂಗಳೆಲ್ಲ ಸೊರಗಿದಾಗ ಗೋಪುರದಂತೆ ಕೆಂಪಾಗಿ ಅರಳುವುದು ರಥಪುಷ್ಪ. ತಂಪು ಜಾಗದಲ್ಲಿ ತಾನಾಗಿ ಹಬ್ಬುತ್ತದೆ. ಕೇಪುಳ, ರಥಪುಷ್ಪಗಳಿಗೆ ದೊಡ್ಡ ದೊಡ್ಡ ಪಾತರಗಿತ್ತಿಗಳು ಬರುತ್ತವೆ. ಮಕ್ಕಳಿಗೆ ಅದೊಂದು ಹಬ್ಬ. ಅಬ್ಬಲಿಗೆ, ಗೋರಟೆ, ಗೊಂಡೆಗಳನ್ನು ಮಳೆ ಇಳಿದ ಮೇಲೆ ಏರುಪಾತಿಯಲ್ಲಿ ಹಾಕಿದರೆ ಚಳಿಗಾಲದಲ್ಲಿ ಹೂವಿಗೆ ಬರ ಇರುವುದಿಲ್ಲ.

ಮಣಿಪಾಲದ ಬಿಸಿಲಿಗೆ ಕಾಗದದ ಹೂ ಅಂದರೆ ಬೋಗನ್‌ವಿಲ್ಲಾಕ್ಕೆ ಸಮನಾದ ಬಳ್ಳಿ ಇಲ್ಲ. ನೀರು ಕಡಿಮೆಯಾದಷ್ಟೂ ಹೂ ಹೆಚ್ಚು. ಕಾಪುವಿನ ಮರಳಿಗೂ ಅದು ಆದೀತು. ಮುಳ್ಳಿರುವುದರಿಂದ ಕಾಲುದಾರಿಯಿಂದ ದೂರವಿರಲಿ. ಶಂಖಪುಷ್ಪವನ್ನು ಬೇಲಿಗೆ ಹಬ್ಬಿಸಬಹುದು. ಕಾರ್ಕಳದ ಅಡಿಕೆ ತೋಟದ ನೆರಳಿನಲ್ಲಿ ಆಂಥೂರಿಯಂ ಬೆಳೆಸಬಹುದು. ಆ ಕಡೆಯ ಹಲಸು, ಮಾವುಗಳ ಮೇಲೆ ತಾನಾಗಿ ಬೆಳೆಯುವ ಸೀತಾಳೆ ದಂಡೆಯನ್ನು ಅಲ್ಲಿಯೇ ಬಿಟ್ಟು ಕಾಪಾಡಬೇಕು. ಕಾಡಿನಿಂದ ಕಿತ್ತು ತಂದದ್ದು ಬದುಕುವುದು ಕಡಿಮೆ.

ಹೂವೂ ಉಂಟು, ಹುಟ್ಟುವಳಿಯೂ ಉಂಟು

ಈ ಸೀಮೆಯಲ್ಲಿ ಹೂತೋಟದ ಮಾತು ಶಂಕರಪುರ ಮಲ್ಲಿಗೆಯಿಲ್ಲದೆ ಮುಗಿಯದು. ಕಾಪು ತಾಲೂಕಿನ ಶಂಕರಪುರದ ಹೆಸರಿನಿಂದ ಪ್ರಸಿದ್ಧವಾದ ಈ ಮಲ್ಲಿಗೆಗೆ ಉಡುಪಿ ಮಲ್ಲಿಗೆಯೆಂಬ ಹೆಸರಿನಲ್ಲಿ 2007–08ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಲೆಕ್ಕ ಚೆಂಡು ಮತ್ತು ಅಟ್ಟೆಗಳಲ್ಲಿ: 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹತ್ತಿಪ್ಪತ್ತು ಗಿಡಗಳಿಂದ ಮನೆಯ ಸಣ್ಣಪುಟ್ಟ ಖರ್ಚು ತೂಗಿಸುವ, ಮಕ್ಕಳ ಶಾಲೆಯ ವೆಚ್ಚ ನೋಡಿಕೊಳ್ಳುವ ಹೆಣ್ಣುಮಕ್ಕಳು ಈ ಕಡೆ ಬಹಳ ಮಂದಿ ಇದ್ದಾರೆ. ಜಾಗವಿಲ್ಲದವರು ತಾರಸಿಯ ಮೇಲೆ ದೊಡ್ಡ ಕುಂಡಗಳಲ್ಲೂ ಬೆಳೆಸುತ್ತಾರೆ.

ಮಲ್ಲಿಗೆಗೆ ಮುಖ್ಯವಾಗಿ ಬೇಕಾದುದು ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಎರಡನೆಯದಾಗಿ ಬುಡದಲ್ಲಿ ನೀರು ನಿಲ್ಲಬಾರದು. ಏರು ಮಾಡಿ, ಗಿಡದಿಂದ ಗಿಡಕ್ಕೆ ಐದಾರು ಅಡಿ ಬಿಟ್ಟು ನೆಡಬೇಕು. ಹಟ್ಟಿಗೊಬ್ಬರ, ಸುಡುಮಣ್ಣು, ನೆನೆಸಿದ ನೆಲಗಡಲೆ ಹಿಂಡಿ ಇದಕ್ಕೆ ಒಪ್ಪುವ ಗೊಬ್ಬರ. ಕೊಂಬೆ ಸವರಿದರೆ ಹೊಸ ಚಿಗುರಿನಲ್ಲಿ ಮೊಗ್ಗು ಬರುತ್ತದೆ. ಮಳೆಗಾಲದ ಎಲೆಚುಕ್ಕೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದು. ಮೊಗ್ಗನ್ನು ಅರಳುವ ಮೊದಲು ಬೆಳಗ್ಗೆಯೇ ಕೊಯ್ಯಬೇಕು. ಬೇಸಗೆಯಲ್ಲಿ ಹೂ ಹೆಚ್ಚು, ಮಳೆಗಾಲದಲ್ಲಿ ಹೂ ಕಡಿಮೆ, ಬೆಲೆ ಹೆಚ್ಚು. ಹೀಗಾಗಿ ಮಲ್ಲಿಗೆಯ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ನೆರಳು ಬೀಳದಂತೆ ಉಳಿದ ಮರಗಳನ್ನು ನೆಡುವುದು ಜಾಣತನ.

ಹಟ್ಟಿಯ ಹಸು, ಅಂಗಳದ ಮಗು

ಅಂದವಾಗಿರುವ ಕೆಲವು ಗಿಡಗಳು ವಿಷದವು. ಕಣಗಿಲೆ, ಹಳದಿ ಕಣಗಿಲೆಗಳು ಬಿಸಿಲಿಗೆ, ಉಪ್ಪುಗಾಳಿಗೆ ಅಂಜವು. ದನ ತಿನ್ನುವುದಿಲ್ಲವೆಂದೇ ಇವನ್ನು ಬೇಲಿಗೆ ನೆಡುವವರಿದ್ದಾರೆ. ಆದರೆ ಇವುಗಳ ಎಲೆ, ಹೂ, ಕಾಯಿ, ತೊಗಟೆ ಎಲ್ಲವೂ ಹೃದಯಕ್ಕೆ ಮಾರಕವಾದ ವಿಷ. ಹಸಿ ಎಲೆಯನ್ನು ಹಸು ಮೂಸಿ ಬಿಟ್ಟೀತು. ಸವರಿದ ಸೊಪ್ಪು ಒಣಗಿ ಹುಲ್ಲಿನೊಂದಿಗೆ ಬೆರೆತರೆ ಅದಕ್ಕೆ ತಿಳಿಯುವುದಿಲ್ಲ. ಒಣಗಿದರೂ ವಿಷ ಹೋಗುವುದಿಲ್ಲ. ಹಟ್ಟಿಗೆ ಸೊಪ್ಪು ಹಾಸುವ ಪದ್ಧತಿ ಇರುವ ಈ ಸೀಮೆಯಲ್ಲಿ ಕಣಗಿಲೆಯ ಸೊಪ್ಪು ಹಟ್ಟಿಯ ಹತ್ತಿರ ಸುಳಿಯಬಾರದು. ಹಳದಿ ಕಣಗಿಲೆಯ ಕಾಯಿಯನ್ನು ಮಕ್ಕಳು ಆಟಕ್ಕೆ ಆರಿಸಿ ಬಾಯಿಗೆ ಹಾಕಿಕೊಳ್ಳುವ ಭಯವೂ ಇದೆ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ತನ್ನ ದೇವಸ್ಥಾನಗಳ ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆ ಹೂ ಬಳಸುವುದನ್ನು ನಿಲ್ಲಿಸಿದ್ದು ಈ ವಿಷದ ಕಾರಣದಿಂದಲೇ.

ಮಳೆಗಾಲದಲ್ಲಿ ಅರಳುವ ಗೌರಿಹೂವಿನ ಗಡ್ಡೆ, ಉಮ್ಮತ್ತಿಯ ಬೀಜ ಇವೂ ಪ್ರಾಣಾಪಾಯದವು. ಚಿಕ್ಕ ಮಕ್ಕಳೂ ದನಗಳೂ ಇರುವ ಮನೆಗೆ ಇವು ಬೇಡ. ಯಾರಾದರೂ ತಿಂದರೆಂಬ ಸಂಶಯ ಬಂದರೆ ಮನೆಮದ್ದು ಮಾಡುತ್ತ ಕೂರದೆ, ಆ ಗಿಡದ ತುಂಡನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ದನವಾದರೆ ಪಶುವೈದ್ಯರನ್ನು ಕರೆಸಬೇಕು.

ಅಂಗಳ ದಾಟುವ ಗಿಡಗಳು

ಇಂದು ಗುಡ್ಡಗಾಡುಗಳನ್ನೆಲ್ಲ ಮುತ್ತಿರುವ ಲಂಟಾನ ಈ ದೇಶಕ್ಕೆ ಬಂದದ್ದು ಅಂದದ ಹೂಗಿಡವಾಗಿ, 19ನೆಯ ಶತಮಾನದ ಆರಂಭದಲ್ಲಿ. ಇಂದಿಗೂ ಇಂಥ ತಪ್ಪು ನಡೆಯುತ್ತಿದೆ. ನೆಲ ಮುಚ್ಚಲೆಂದು ತರುವ, ಹಳದಿ ಹೂ ಬಿಡುವ ಸಿಂಗಾಪುರ ಡೈಸಿ ಗಿಣ್ಣು ಗಿಣ್ಣಿನಲ್ಲೂ ಬೇರು ಬಿಡುತ್ತದೆ. ಅದರ ಕಡಿದ ತುಂಡನ್ನು ತೋಡಿಗೆ ಎಸೆದರೆ ಕೆಳಗಿನವರ ಗದ್ದೆ, ತೋಟವೆಲ್ಲ ಅದೇ. ನೇರಳೆ ಹೂವಿನ ನೀರಗಿಡ ಅಂತರಗಂಗೆಯೂ ಹಾಗೆಯೇ ಕೆರೆಯನ್ನು ಮುಚ್ಚಿಬಿಡುತ್ತದೆ. ಬೇಗ ಹಬ್ಬುತ್ತದೆ, ಆರೈಕೆಯೇ ಬೇಡವೆಂದು ಹೊಗಳಿ ಮಾರುವ ಹೊಸ ಗಿಡವನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು.

ನೆಡುವ ಕ್ರಮ

ಮರದ ಸಸಿಗೆ ಏಪ್ರಿಲ್, ಮೇಯಲ್ಲಿಯೇ ಎರಡೂವರೆಯಿಂದ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಮುರಕಲ್ಲಿನಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಕಲ್ಲಿನ ಬಾನಿಯಂತಾಗಿ ನೀರು ಹಿಡಿದಿಟ್ಟು ಸಸಿಯನ್ನು ಕೊಲ್ಲುವುದುಂಟು. ಇದನ್ನು ಮೊದಲೇ ಪರೀಕ್ಷಿಸಬಹುದು. ಗುಂಡಿಗೆ ನಾಲ್ಕೈದು ಕೊಡ ನೀರು ಸುರಿದು ಬಿಡಬೇಕು. ಮರುದಿನದೊಳಗೆ ಇಂಗಿದರೆ ಸರಿ. ನಿಂತೇ ಇದ್ದರೆ ತಳದ ಕಲ್ಲನ್ನು ಹಾರೆಯಿಂದ ಒಡೆಯಬೇಕು, ಇಲ್ಲವೆ ತಗ್ಗಿನ ಕಡೆಗೆ ಬಸಿಗಾಲುವೆ ತೆಗೆಯಬೇಕು. ಕಾಪುವಿನ ಮರಳಿನಲ್ಲಿ ಇದಕ್ಕೆ ವಿರುದ್ಧ; ತಳಕ್ಕೆ ತೆಂಗಿನ ಸಿಪ್ಪೆಯನ್ನು ಹಾಸಿ ತೇವ ಹಿಡಿದಿಡುವಂತೆ ಮಾಡಬೇಕು. ಬೈಲುಗದ್ದೆಯಲ್ಲಿ ಗುಂಡಿಗಿಂತ ಒಂದೂವರೆ ಅಡಿ ಎತ್ತರದ ದಿಬ್ಬವೇ ಒಳ್ಳೆಯದು.

ಮುರಕಲ್ಲು ಮಣ್ಣಿನ ಹುಳಿಯನ್ನು ತಗ್ಗಿಸಲು ಗುಂಡಿಗೆ ಕಾಲು ಕಿಲೋ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಮೇಲ್ಮಣ್ಣು, ಹಟ್ಟಿಗೊಬ್ಬರ, ಸುಡುಮಣ್ಣುಗಳಿಂದ ತುಂಬಬೇಕು. ಕೇಪುಳಕ್ಕೆ ಸುಣ್ಣ ಬೇಡ. ಜೂನ್ ಮೊದಲ ಮಳೆಗೆ ನೆಲ ನೆನೆದ ಕೂಡಲೇ ನೆಟ್ಟರೆ ಜಡಿಮಳೆಯ ಮೊದಲು ಬೇರು ಹಿಡಿಯುತ್ತದೆ. ನೀರು ನಿಲ್ಲುವ ಜಾಗದಲ್ಲಿ ಆಗಸ್ಟ್ ಕೊನೆಯವರೆಗೆ ಕಾಯುವುದು ಮೇಲು. ಸಸಿಗೆ ಊರೆಗೋಲು ಕೊಡಬೇಕು. ಮೊದಲ ಎರಡು ಬೇಸಗೆಗಳಲ್ಲಿ ಬುಡಕ್ಕೆ ತರಗೆಲೆ ಹೊದಿಸಿ ಎರಡು ಮೂರು ದಿನಕ್ಕೊಮ್ಮೆ ಒಂದು ಕೊಡ ನೀರು ಕೊಟ್ಟರೆ, ಮೂರನೆಯ ಬೇಸಗೆಯಿಂದ ಈ ಊರಿನ ಮರಗಳು ತಮ್ಮ ದಾರಿ ತಾವೇ ನೋಡಿಕೊಳ್ಳುತ್ತವೆ. ಕುಂಡಗಳ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬಾರದು; ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಅಲ್ಲಿಯೇ.

ಬೀಜದಿಂದ ಸಸಿ ಮಾಡುವವರು ರಂಜ, ಸಂಪಿಗೆ, ಅಶೋಕಗಳ ಬೀಜವನ್ನು ಹೊಸದಿರುವಾಗಲೇ ಹಾಕಬೇಕು; ಇಟ್ಟರೆ ಹುಟ್ಟುವ ಶಕ್ತಿ ಹೋಗುತ್ತದೆ. ಸಂಪಿಗೆ ಬೀಜದ ಕೆಂಪು ಸಿಪ್ಪೆಯನ್ನು ಬೂದಿಯಲ್ಲಿ ತಿಕ್ಕಿ ತೆಗೆಯಬೇಕು. ಕಕ್ಕೆಯ ಬೀಜ ಬಹಳ ಗಟ್ಟಿ. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ, ರಾತ್ರಿ ನೆನೆಸಿ ಹಾಕಬೇಕು.

ವರ್ಷವಿಡೀ ಹೂ

ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿದರೆ ಪ್ರಯೋಜನವಿಲ್ಲ. ಬೇಸಗೆಗೆ ಕಕ್ಕೆ ಅಥವಾ ಹೊಳೆ ದಾಸವಾಳ, ಮಳೆಗಾಲಕ್ಕೆ ರಥಪುಷ್ಪ, ಮಳೆ ಇಳಿದಾಗ ಪಾರಿಜಾತ, ಚಳಿಗೆ ಗೋರಟೆ, ಗೊಂಡೆ, ವರ್ಷವಿಡೀ ಕೇಪುಳ, ದಾಸವಾಳ, ನಂದಿಬಟ್ಟಲು, ಬಿಸಿಲಿರುವಲ್ಲಿ ನಾಲ್ಕು ಮಲ್ಲಿಗೆ: ಇಷ್ಟಿದ್ದರೆ ಹತ್ತು ಸೆಂಟ್ಸ್ ಮನೆಗೆ ಹೂವಿನ ಕೊರತೆ ಬಾರದು. ಇವುಗಳಲ್ಲಿ ಬಹುಪಾಲು ನೆರೆಮನೆಯ ಕೊಂಬೆಯಿಂದ, ಬಿದ್ದ ಬೀಜದಿಂದ ಕಾಸಿಲ್ಲದೆ ಆಗುವಂಥವು. ಉಳಿದವಕ್ಕೆ ಮಳೆಗಾಲದ ಮೊದಲು ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಬಹುದು. ಮಣ್ಣಿನ ಬಗೆಗೆ, ರೋಗ ಕೀಟಗಳ ಬಗೆಗೆ ಸಂದೇಹವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಆದ್ದರಿಂದ ಕೃಷಿಕ ಬಂಧುಗಳೇ, ಈ ಸಲ ಗಿಡ ತರಲು ಹೊರಡುವ ಮುಂಚೆ ಒಂದು ಕಾಗದದಲ್ಲಿ ಮನೆ, ಬಾವಿ, ಹಟ್ಟಿ, ವಿದ್ಯುತ್ ತಂತಿ, ಧರೆಗಳನ್ನು ಗುರುತುಹಾಕಿ. ಬಿಸಿಲು ಎಲ್ಲಿ, ನೀರು ನಿಲ್ಲುವುದೆಲ್ಲಿ, ಗಾಳಿ ಯಾವ ಕಡೆಯದು ಎಂದು ಬರೆದುಕೊಳ್ಳಿ. ಊರಿನ ಬನದಲ್ಲಿ ಏನು ನಿಂತಿದೆಯೆಂದು ನೋಡಿ ಬನ್ನಿ. ಆ ಕಾಗದವನ್ನು ಕೈಯಲ್ಲಿ ಹಿಡಿದು ನರ್ಸರಿಗೆ ಹೋದವರು ಹೂ ನೋಡಿ ಮರುಳಾಗುವುದಿಲ್ಲ.